ಉಗುರುಬೆಚ್ಚಗಿನ ಹರಳು

ಇಪ್ಪತ್ತು ವರ್ಷ ಮೂರು ತಿಂಗಳು ನಾನು ಹರಳುಗಳನ್ನು ಕೆಳತುಟಿಗೆ ತಾಗಿಸಿ ನೋಡುವ ನೌಕರಿ ಮಾಡಿದೆ. ಕಾಗದದ ಮೇಲೆ ಹುದ್ದೆಯ ಹೆಸರು ರಫ್ತು ಪರೀಕ್ಷಕಿ. ಊರಿನವರು ಬೆನ್ನ ಹಿಂದೆ ತುಟಿ ಪಂಪಕ್ಕ ಎನ್ನುತ್ತಿದ್ದರು, ಎದುರಿಗೆ ಬರೀ ಪಂಪಕ್ಕ. ನಮ್ಮ ಊರಿನ ನೆಲದಿಂದ ತೆಗೆದ ವಜ್ರದ ಹರಳು, ಅದನ್ನು ಅಗೆದವನು ಬದುಕಿರುವಷ್ಟು ದಿನ ಬಿಸಿಯಾಗಿರುತ್ತದೆ. ಅವನು ಸತ್ತ ಗಳಿಗೆಯಲ್ಲಿ ತಣ್ಣಗಾಗುತ್ತದೆ. ಅವನು ಎಷ್ಟು ದೂರದಲ್ಲಿದ್ದ, ಹರಳು ಯಾರ ಬೆರಳಿನಲ್ಲಿತ್ತು ಎಂಬುದರಿಂದ ಏನೂ ವ್ಯತ್ಯಾಸವಾಗುವುದಿಲ್ಲ.

ಕೆಲಸದ ಕ್ರಮ ಹೀಗಿತ್ತು. ಗುಂಡಿಯಿಂದ ಮಾಲು ಬರುವಾಗ ಒಂದೊಂದು ಹರಳೂ ಒಂದೊಂದು ಕಾಗದದ ಪೊಟ್ಟಣದಲ್ಲಿರುತ್ತಿತ್ತು. ಪೊಟ್ಟಣದ ಮೇಲೆ ಅಗೆದವನ ನಂಬರು, ಅಗೆದ ದಿನ, ತೂಕ. ಹಿತ್ತಾಳೆ ಪರಾತದಲ್ಲಿ ಒದ್ದೆ ಮರಳು ಹರಡಿ, ಬೆರಳಿನಿಂದ ಮನೆಗಳನ್ನು ಗೀಚಿ, ಮನೆಗೊಂದರಂತೆ ಹರಳು ಹೂತು ಒಂದು ಗಂಟೆ ಬಿಡುತ್ತಿದ್ದೆ. ಜೇಬಿನ ಶಾಖ, ಬಿಸಿಲಿನ ಶಾಖ ಮರಳಿಗಿಳಿಯುತ್ತಿತ್ತು. ಅಷ್ಟಾದ ಮೇಲೂ ಬಿಸಿ ಉಳಿದಿದ್ದರೆ ಅದು ಮನುಷ್ಯನದು. ಅಂಗೈ ಮೋಸ ಮಾಡುತ್ತದೆ, ಕೆಳತುಟಿ ಮಾಡುವುದಿಲ್ಲ. ಫಾರಮ್ಮಿನಲ್ಲಿ ಎರಡೇ ಕಾಲಮ್: ಬಿಸಿ, ತಣ್ಣಗೆ. ಒಂದರಲ್ಲಿ ಟಿಕ್ ಹಾಕಬೇಕು. ಈ ಇಪ್ಪತ್ತು ವರ್ಷಗಳಲ್ಲಿ ನಾನು ಒಂದು ಸುಳ್ಳು ಟಿಕ್ಕನ್ನೂ ಹಾಕಿರಲಿಲ್ಲ. ಕೊನೆಗೆ ಹಾಕಿದ್ದು ಒಂದೇ. ಅದರ ಕಥೆಯೇ ಇದು.

ಆ ಫಾರಮ್ಮು ಹುಟ್ಟಿದ್ದಕ್ಕೆ ಕಾರಣವಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಬಂದೂಕು ಹಿಡಿದ ಗುಂಪುಗಳು ನಮ್ಮ ಹೊಳೆಯ ದಂಡೆಯನ್ನು ಹಿಡಿದುಕೊಂಡಿದ್ದವು. ಅಗೆಯುವವರಿಂದ ಹರಳು ಕಿತ್ತುಕೊಂಡು, ಅವರನ್ನು ಅಲ್ಲೇ ಗುಂಡಿಕ್ಕುತ್ತಿದ್ದರು. ದೂರದ ದೇಶಗಳಲ್ಲಿ ಮದುವೆಯ ಉಂಗುರಗಳು ಬೆರಳಿನ ಮೇಲೆ ಮಂಜಿನಂತೆ ಕೊರೆಯತೊಡಗಿದಾಗ ಅಲ್ಲಿನವರು ದೂರು ಕೊಟ್ಟರು. ನಲವತ್ತು ದೇಶಗಳು ಸೇರಿ ಒಪ್ಪಂದ ಮಾಡಿಕೊಂಡವು. ಅದರ ನಾಲ್ಕನೇ ನಿಯಮ: ಗಡಿ ದಾಟುವ ದಿನ ಬಿಸಿಯಾಗಿರುವ ಹರಳು ಶುದ್ಧ, ಅದನ್ನಷ್ಟೇ ಕೊಳ್ಳತಕ್ಕದ್ದು. ಎರಡು ವರ್ಷದೊಳಗೆ ಬಂದೂಕಿನವರು ದಂಡೆ ಬಿಟ್ಟು ಹೋದರು. ಒಪ್ಪಂದದಿಂದ ಒಳ್ಳೆಯದಾಗಲಿಲ್ಲ ಎಂದು ಹೇಳಿದರೆ ಅದು ತಪ್ಪಾಗುತ್ತದೆ. ಆಗಿದೆ.

ನಮ್ಮಪ್ಪ ಸತ್ತದ್ದು ಆ ಒಪ್ಪಂದಕ್ಕೆ ಹತ್ತು ತಿಂಗಳು ಮೊದಲು. ನಮ್ಮಲ್ಲಿ ಅಗೆಯುವವನು ತನ್ನ ಮೊದಲ ಹರಳನ್ನು ಮಾರುವುದಿಲ್ಲ. ಎಷ್ಟೇ ಸಣ್ಣದಿರಲಿ, ಮನೆಗೆ ತಂದು ತಾಯಿಗೋ ಹೆಂಡತಿಗೋ ಕೊಡುತ್ತಾನೆ. ಅದು ಮನೆಹರಳು. ಗಂಡಸರು ಕೆಲಸಕ್ಕೆ ಹೋದಾಗ ಹೆಂಗಸರು ಅದನ್ನು ಕೊರಳ ಚೀಲದಲ್ಲಿಟ್ಟುಕೊಂಡು ನೀರು ಸೇದುತ್ತಾರೆ, ಸಂತೆಗೆ ಹೋಗುತ್ತಾರೆ. ಊರಿನಲ್ಲಿ ಇಬ್ಬರು ಎದುರಾದರೆ ಕೇಳುವುದೂ ಇದನ್ನೇ: ಬಿಸಿ ಐತಾ? ಐತಿ ಎಂದರೆ ಎಲ್ಲ ಸರಿ ಎಂದರ್ಥ, ಮುಂದೆ ಕೇಳುವುದೇನೂ ಇರುವುದಿಲ್ಲ. ಅಪ್ಪ ಮನೆಗೆ ಬಾರದ ಎರಡನೇ ದಿನ ಅವನ ಮನೆಹರಳು ಕಾದ ಹಂಚಿನಂತಾಯಿತು. "ಹತ್ರ ಬಂದಾನ, ಅದಕ್ಕ ಇಷ್ಟು ಬಿಸಿ," ಎಂದು ಅವ್ವ ನೀರು ಕಾಯಿಸಿಟ್ಟಳು. ಮರುದಿನ ಅದು ಉಗುರುಬೆಚ್ಚಗಾಯಿತು. ನಾಲ್ಕನೇ ದಿನ ಬೆಳಗ್ಗೆ ತಣ್ಣಗಿತ್ತು. ಹೊಟ್ಟೆಗೆ ಗುಂಡು ಬಿದ್ದವನು ಹೊಳೆದಂಡೆಯ ಆಪು ಹುಲ್ಲಿನ ನಡುವೆ ಎರಡು ದಿನ ಜ್ವರದಲ್ಲಿ ಬಿದ್ದಿದ್ದನೆಂದು, ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿ, ಆಮೇಲೆ ತಿಳಿಯಿತು. ತಣ್ಣಗಾದ ಮನೆಹರಳನ್ನು ಹೊಳೆಗೆ ಬಿಡುವುದು ವಾಡಿಕೆ, ಒಪ್ಪಂದ ಬಂದ ಮೇಲೆ ಅದು ಕಾನೂನೂ ಆಯಿತು. ಅವ್ವ ಬಿಡಲಿಲ್ಲ. ಅವಳು ತೀರಿಕೊಂಡ ಮೇಲೆ ಚೀಲ ನನ್ನ ಕೊರಳಿಗೆ ಬಂತು. ಹರಳಿನ ತೂಕ ಸೊನ್ನೆ ದಶಾಂಶ ಮೂರು ಎಂಟು ಕ್ಯಾರೆಟ್.

ಇಷ್ಟು ತಿಳಿದವಳು ನಾನು. ಆದ್ದರಿಂದ ಮೂರನೇ ಗುಂಡಿಯ ಮಾಲಿನ ವಿಷಯದಲ್ಲಿ ತಿಳಿಯಲಿಲ್ಲ ಎಂದು ಹೇಳುವ ಹಾಗಿಲ್ಲ.

ಮೂರನೇ ಗುಂಡಿಯನ್ನು ಸರ್ಕಾರದ ಪರವಾನಗಿ ಪಡೆದ ಒಂದು ಕಂಪನಿ ನಡೆಸುತ್ತಿತ್ತು. ಸುತ್ತ ತಂತಿ ಬೇಲಿ, ಒಂದೇ ಬಾಗಿಲು. ಕೆಲಸಕ್ಕೆ ಸೇರಿದವರು ಒಳಗೇ ಇರಬೇಕು. ಹದಿನೈದು ದಿನಕ್ಕೊಮ್ಮೆ ಕಂಪನಿಯ ಏಜೆಂಟ್ ಅಯ್ಯಣ್ಣ ಮಾಲು ತಂದು ನನ್ನ ಮೇಜಿನ ಮೇಲೆ ಸುರಿಯುತ್ತಿದ್ದ. ನಗುಮುಖದ ಮನುಷ್ಯ, ಬಂದಾಗಲೆಲ್ಲ ಆಫೀಸಿನವರಿಗೆ ತಿನ್ನಲು ಗಿರಮಿಟ್ಟು ತರುತ್ತಿದ್ದ. ಅಗೆದ ಹರಳು ಗಡಿ ದಾಟಲು ಇಪ್ಪತ್ತೈದರಿಂದ ಮೂವತ್ತು ದಿನ ಬೇಕು. ನನ್ನ ನೌಕರಿಯ ಕೊನೆಯ ಆರು ತಿಂಗಳಲ್ಲಿ ಅವನು ತಂದ ಹನ್ನೊಂದು ಮಾಲುಗಳಲ್ಲಿ ಕೆಲವು ಹರಳು ಮರಳಿನಲ್ಲಿ ಒಂದು ಗಂಟೆ ಕಳೆದರೂ ತುಟಿ ಸುಡುತ್ತಿದ್ದವು.

"ನೋಡ್ರಿ ಪಂಪಕ್ಕ, ನಮ್ಮ ಗುಂಡಿ ಮಾಲು. ಮ್ಯಾಲೆ ಚಾ ಕಾಸಬಹುದು," ಎನ್ನುತ್ತಿದ್ದ ಅಯ್ಯಣ್ಣ. "ಮಂದೀನ್ನ ಹಂಗ ಜ್ವಾಪಾನ ಮಾಡ್ತೀವಿ."

ಒಮ್ಮೆ ನಾನು ಆಫೀಸಿನ ಮುಖ್ಯಸ್ಥ ವಾದಿರಾಜರಿಗೆ ಹೇಳಿದೆ. "ಸರ್, ಇದು ಜ್ವರದ ಬಿಸಿ. ಮೂವತ್ತು ಹರಳು ಹಿಂಗದಾವ."

ಅವರು ಫಾರಮ್ಮನ್ನು ನನ್ನ ಕಡೆ ತಿರುಗಿಸಿದರು. "ಜ್ವರಕ್ಕ ಕಾಲಮ್ ಎಲ್ಲೈತ್ರೀ? ಇಲ್ಲದ ಕಾಲಮ್ಮಿನಾಗ ಹೆಂಗ ಬರೀತೀರಿ? ಬಿಸಿ ಅಂದ್ರ ಬಿಸಿ."

ಬಿಸಿ ಎಂದು ಟಿಕ್ ಹಾಕಿದೆ. ಅದು ಸುಳ್ಳಾಗಿರಲಿಲ್ಲ.

ಹುಲಿಗೆಮ್ಮ ಪ್ರತಿ ಗುರುವಾರ ಆಫೀಸಿಗೆ ಬರುತ್ತಿದ್ದಳು. ಬಸ್ ನಿಲ್ದಾಣದ ಖಾನಾವಳಿಯಲ್ಲಿ ದಿನಕ್ಕೆ ಮುನ್ನೂರು ರೊಟ್ಟಿ ಬಡಿಯುವ ಹೆಂಗಸು. ಗಂಡ ಯಂಕೋಬ ಮೂರು ತಿಂಗಳ ಕರಾರಿನ ಮೇಲೆ ಮೂರನೇ ಗುಂಡಿಗೆ ಹೋಗಿ ಏಳು ತಿಂಗಳಾಗಿತ್ತು. ಅವನ ನಂಬರು ನಾನ್ನೂರ ಹನ್ನೆರಡು. ಬಾಗಿಲಿಗೆ ಹೋಗಿ ಕೇಳಿದರೆ ಕಾವಲಿನವರು, "ಬಿಸಿ ಐತಿಲ್ಲೋ? ಮತ್ತೇನು ಬೇಕು ನಿನಗ?" ಎಂದು ಕಳಿಸುತ್ತಿದ್ದರು. ಊರಿನವರೂ ಅದನ್ನೇ ಹೇಳುತ್ತಿದ್ದರು.

"ಯಕ್ಕಾ, ಒಂಚೂರು ತುಟಿಗಿ ಇಟ್ಟು ನೋಡ್ರಿ," ಎಂದು ಅವಳು ಯಂಕೋಬನ ಮನೆಹರಳಿನ ಚೀಲ ಬಿಚ್ಚಿ ಕೊಡುತ್ತಿದ್ದಳು. "ನನ್ನ ಕೈ, ತುಟಿ ಎಲ್ಲಾ ಒಲಿ ಮುಂದ ಸುಟ್ಟು ಜಡ್ಡುಗಟ್ಟ್ಯಾವ. ಕಲ್ಲು ಮುಟ್ಟಿದ್ರೂ ಬಿಸೀನ ಅನಸ್ತೈತಿ."

"ಬಿಸಿ ಐತಿ."

"ಐತಲ್ಲಾ? ಹಂಗಾದ್ರ ಆರಾಮ ಅದಾನ ಕಳ್ಳ. ಬರ್ಲಿ, ರೊಟ್ಟಿ ಹಲಗೀಲೆ ಕೊಡ್ತೀನಿ." ನಕ್ಕು ಹೋಗುತ್ತಿದ್ದಳು.

ಹೀಗಿರುವಾಗ ಒಂದು ಗುರುವಾರ ಆ ಹರಳು ಸುಡತೊಡಗಿತು. ನಾನು, "ಚಲೋ ಬಿಸಿ ಐತಿ," ಎಂದೆ. ನಾಲ್ಕು ಗುರುವಾರ ಹಾಗೇ ಎಂದೆ. ಅವಳು ಕೇಳಿದ್ದು ಬಿಸಿ ಇದೆಯೇ ಎಂದು, ನನಗೆ ಅಭ್ಯಾಸವಾಗಿದ್ದದ್ದು ಎರಡು ಕಾಲಮ್. ಇದಕ್ಕಿಂತ ಒಳ್ಳೆಯ ಕಾರಣ ನನ್ನಲ್ಲಿ ಇಲ್ಲ.

ಐದನೇ ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಬಂದಳು. ಮರುದಿನ ಒಪ್ಪಂದದ ದೇಶಗಳ ಸಮಿತಿ ಬರುವುದಿತ್ತು. ಮೂರನೇ ಗುಂಡಿಯ ಮಾಲು, ಇನ್ನೂರ ಹನ್ನೆರಡು ಹರಳು, ಪರೀಕ್ಷೆ ಮುಗಿದು ಪೊಟ್ಟಣಗಳಲ್ಲಿ ಮೇಜಿನ ಮೇಲಿತ್ತು. ವಾದಿರಾಜರು ಸಮಿತಿಯವರಿಗೆ ಕೋಣೆ ಗೊತ್ತುಮಾಡಲು ಪ್ರವಾಸಿ ಮಂದಿರಕ್ಕೆ ಹೋಗಿದ್ದರು. ನಾನು ಅವಳ ಹರಳನ್ನು ತುಟಿಗಿಟ್ಟುಕೊಂಡೆ. ತೆಗೆದು ಮತ್ತೊಮ್ಮೆ ಇಟ್ಟೆ.

"ಯಾಕ್ರೀ?" ಎಂದಳು.

"ಹುಲಿಗೆಮ್ಮಾ, ಉಗುರುಬೆಚ್ಚಗ ಐತಿ."

"ಹ್ವಾದ ವಾರ ಚಲೋ ಬಿಸಿ ಐತಿ ಅಂದ್ರಲ್ಲ. ನಾ ಖಾನಾವಳ್ಯಾಗ ಮಂದಿಗೆಲ್ಲ ಸಕ್ರಿ ಹಂಚಿದೆ."

"ಅದು ಜ್ವರ ಇತ್ತು."

"ನಿಮಗ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಬೈಯಬಹುದೆಂದು ಕಾದೆ. ಬೆಂಚಿನ ಮೇಲೆ ಕುಳಿತು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ಇನ್ನ ಎಷ್ಟು ದಿನ?"

"ನಮ್ಮಪ್ಪಂದು ಒಂದ ದಿನಕ್ಕ ತಣ್ಣಗಾತು."

"ನಾಳಿ ದೊಡ್ಡ ಮಂದಿ ಬರ್ತಾರಂತಲ್ಲ. ಅವ್ರಿಗೆ ಹೇಳ್ರಿ."

"ಅವ್ರ ಹತ್ರ ಮಷೀನ್ ಐತಿ. ಬಿಸಿ ಇದ್ರ ಹಸರು ದೀಪ, ತಣ್ಣಗಿದ್ರ ಕೆಂಪು. ಉಗುರುಬೆಚ್ಚಗಿದ್ರೂ ಹಸರ. ಕೆಂಪು ಹತ್ತಿದ್ರ ಮಾತ್ರ ಅವ್ರು ಗುಂಡಿಗಿ ಹೋಗೂದು. ಆ ನಂಬರಿನವನ್ನ ಕಣ್ಣಾರೆ ನೋಡೂತನಾ ಯಾರೂ ಬಾಗ್ಲಾ ಹಾಕೂವಂಗಿಲ್ಲ. ಒಂಬತ್ತನೇ ನಿಯಮ."

"ಅಂದ್ರ ಸತ್ತ ಮ್ಯಾಲೆ ಬಾಗ್ಲಾ ತೆಗಸ್ತಾರ."

"ಹೌದು."

"ಬದುಕಿದ್ದಾಗ?"

ನಿಯಮಗಳ ಪುಸ್ತಕ ನನಗೆ ಬಾಯಿಪಾಠವಿತ್ತು. ಅದರಲ್ಲಿ ಉತ್ತರವಿರಲಿಲ್ಲ.

ಅವಳು ಎದ್ದು ಹರಳನ್ನು ಚೀಲಕ್ಕೆ ಹಾಕಿಕೊಂಡಳು. "ನಾಳಿ ಮುಂಜಾನಿಂದ ನಾ ಆ ಬಾಗ್ಲದಾಗ ಕುಂದರ್ತೀನ್ರಿ. ಬಂಡಿ ತಗೊಂಡು ಹೋಗ್ತೀನಿ. ಹೆಣ ಆದ್ರೂ ನನ್ನ ಕೈಗಿ ಬರ್ಲಿ."

ಅವಳು ಹೋದ ಮೇಲೆ ನಾನು ಮಾಡಿದ್ದನ್ನು ಕೋರ್ಟಿನಲ್ಲಿ ಹೇಳಿದಂತೆಯೇ ಇಲ್ಲೂ ಹೇಳುತ್ತೇನೆ. ನಾನ್ನೂರ ಹನ್ನೆರಡರ ಪೊಟ್ಟಣಗಳನ್ನು ಹುಡುಕಿದೆ. ನಾಲ್ಕಿದ್ದವು. ಅಗೆದ ದಿನ ನಾಲ್ಕರ ಮೇಲೂ ಒಂದೇ, ಹತ್ತೊಂಬತ್ತು ದಿನ ಹಿಂದಿನದು. ಅದು ಇನ್ನೊಂದು ಸುಳ್ಳು. ನಾಲ್ಕು ವಾರದಿಂದ ಜ್ವರದಲ್ಲಿದ್ದವನು ಹತ್ತೊಂಬತ್ತು ದಿನದ ಹಿಂದೆ ಅಗೆದಿರಲಾರ. ಹಳೆಯ ಹರಳಿಗೆ ಹೊಸ ದಿನಾಂಕ ಹಾಕಿದ್ದರು. ಆ ನಾಲ್ಕರಲ್ಲಿ ಅತಿ ಸಣ್ಣ ಹರಳು ಸೊನ್ನೆ ದಶಾಂಶ ನಾಲ್ಕು ಒಂದು ಕ್ಯಾರೆಟ್. ಅದನ್ನು ತೆಗೆದು ಪರಾತದ ಮರಳಿನಲ್ಲಿ ಹೂತೆ. ಕೊರಳ ಚೀಲ ಬಿಚ್ಚಿ ಅಪ್ಪನ ಹರಳನ್ನು ಆ ಪೊಟ್ಟಣದೊಳಗಿಟ್ಟು ಮಡಿಸಿದೆ. ಅವನ ಉಳಿದ ಮೂರು ಪೊಟ್ಟಣಗಳನ್ನು ಸಾಲಿನ ಕೊನೆಗೆ ಸರಿಸಿದೆ, ಅವು ಹಸಿರು ತೋರಿಸುವ ಮೊದಲೇ ಇದಕ್ಕೆ ಕೆಂಪು ಹತ್ತಬೇಕಿತ್ತು. ಕ್ಯಾರೆಟ್ಟಿನ ನೂರರಲ್ಲಿ ಮೂರು ಭಾಗದಷ್ಟು ತೂಕದ ವ್ಯತ್ಯಾಸ ಉಳಿಯಿತು, ಅದಕ್ಕೆ ಏನೂ ಮಾಡುವಂತಿರಲಿಲ್ಲ. ಫಾರಮ್ಮಿನಲ್ಲಿ ಬಿಸಿ ಎಂಬ ಟಿಕ್ ಮೊದಲೇ ಇತ್ತು. ಹಾಗೇ ಬಿಟ್ಟೆ. ಅದೇ ಆ ಒಂದು ಸುಳ್ಳು ಟಿಕ್ಕು.

ಶುಕ್ರವಾರ ಹತ್ತು ಗಂಟೆಗೆ ಸಮಿತಿ ಬಂತು. ಮೂವರು ಸದಸ್ಯರು, ಒಬ್ಬ ದುಭಾಷಿ. ಮುಖ್ಯಸ್ಥೆ ಅರವತ್ತರ ಹೆಂಗಸು, ಕತ್ತರಿಸಿದ ಬಿಳಿಗೂದಲು, ಬೆರಳಿನಲ್ಲಿ ಉಂಗುರವಿರಲಿಲ್ಲ. ಅಯ್ಯಣ್ಣ ಹೊಸ ಅಂಗಿ ತೊಟ್ಟಿದ್ದ. ಗಿರಮಿಟ್ಟಿನ ಜೊತೆ ಮೈಸೂರುಪಾಕನ್ನೂ ತರಿಸಿದ್ದ. ಮಷೀನು ಒಂದೊಂದೇ ಹರಳಿಗೆ ಹಸಿರು ದೀಪ ತೋರಿಸುತ್ತಾ ಹೋಯಿತು. ಹನ್ನೊಂದು ಇಪ್ಪತ್ತಕ್ಕೆ, ನೂರ ನಲವತ್ಮೂರನೇ ಹರಳಿಗೆ ಕೆಂಪು ದೀಪ ಹತ್ತಿತು.

ಮೂರು ಸಲ ಇಟ್ಟು ನೋಡಿದರು. ಮೂರೂ ಸಲ ಕೆಂಪು.

"ಮಷೀನ್ ಕೆಟ್ಟಿರಬೇಕ್ರಿ," ಎಂದ ಅಯ್ಯಣ್ಣ.

ಪಕ್ಕದ ಹರಳಿಟ್ಟರು. ಹಸಿರು.

"ನಾನ್ನೂರ ಹನ್ನೆರಡು ಎಲ್ಲಿದ್ದಾನೆ ಅಂತ ಕೇಳುತ್ತಿದ್ದಾರೆ," ಎಂದ ದುಭಾಷಿ.

"ಅಂವ ಓಡಿಹೋಗಿ ಮೂರು ತಿಂಗಳಾತ್ರೀ. ಎಲ್ಲಿ ಸತ್ತಾನೋ ನಮಗೇನು ಗೊತ್ತು."

ಮುಖ್ಯಸ್ಥೆ ಪೊಟ್ಟಣದ ಮೇಲಿನ ದಿನಾಂಕವನ್ನು ಬೆರಳಿಟ್ಟು ತೋರಿಸಿದರು. ಮೂರು ತಿಂಗಳ ಹಿಂದೆ ಓಡಿಹೋದವನು ಹತ್ತೊಂಬತ್ತು ದಿನದ ಹಿಂದೆ ಹರಳು ಅಗೆಯುವುದು ಹೇಗೆ ಎಂದು ದುಭಾಷಿ ಕೇಳಬೇಕಾಗಿ ಬರಲಿಲ್ಲ. ಅಯ್ಯಣ್ಣನ ನಗು ನಿಂತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇಬ್ಬರು ಸದಸ್ಯರು, ವಾದಿರಾಜರು, ಅಯ್ಯಣ್ಣ, ದುಭಾಷಿ ಎರಡು ಜೀಪುಗಳಲ್ಲಿ ಹೊರಟರು. ಗುಂಡಿಗೆ ಹನ್ನೊಂದು ಕಿಲೋಮೀಟರು. ಮೂರನೇ ಸದಸ್ಯ ನನ್ನನ್ನೂ ಮಾಲನ್ನೂ ಕಾಯಲು ಉಳಿದ. ನಾನು ಪರಾತದ ಮುಂದೆ ಕುಳಿತಿದ್ದೆ. ಕುಳಿತ ಮೇಲೆಯೇ ನನಗೆ ಲೆಕ್ಕ ಸರಿಯಾಗಿ ಹೊಳೆದದ್ದು. ಯಂಕೋಬ ಸತ್ತಿದ್ದರೆ ತಣ್ಣನೆಯ ಹರಳು ಅವನದೇ ಎಂದು ಎಲ್ಲರೂ ಒಪ್ಪುತ್ತಾರೆ, ನಾನು ಮಾಡಿದ್ದು ಯಾರಿಗೂ ಎಂದಿಗೂ ತಿಳಿಯುವುದಿಲ್ಲ. ಬದುಕಿದ್ದರೆ ಆ ಹರಳು ಅವನದಲ್ಲ ಎಂದು ಅದೇ ಕ್ಷಣ ಗೊತ್ತಾಗುತ್ತದೆ. ಅವನ ಜೀವವೇ ನನ್ನ ವಿರುದ್ಧದ ಸಾಕ್ಷಿ. ಅವನ ನಿಜವಾದ ಹರಳು ನನ್ನ ಕೈಯಿಂದ ಒಂದು ಗೇಣು ದೂರ ಮರಳಿನಲ್ಲಿತ್ತು. ಬೆರಳು ಹಾಕಿದರೆ ತಿಳಿಯುತ್ತಿತ್ತು. ಹಾಕಲಿಲ್ಲ. ನನ್ನ ಫಾರಮ್ಮು ಸುಳ್ಳೆಂದು ಸಾಬೀತಾಗಲಿ ಎಂದು ಮೂರೂವರೆ ತಾಸು ಕಾದೆ.

ಗುಂಡಿಯಲ್ಲಿ ನಡೆದದ್ದನ್ನು ನನಗೆ ಹೇಳಿದವಳು ಹುಲಿಗೆಮ್ಮ. ಜೀಪುಗಳಿಗೆ ಬಾಗಿಲು ತೆರೆದಾಗ ಅವಳು ಬಂಡಿ ಬಿಟ್ಟು ಅವುಗಳ ಹಿಂದೆಯೇ ನುಗ್ಗಿದಳು. ಕಾವಲಿನವನು ಸೆರಗು ಹಿಡಿದೆಳೆದ. ಬಿಳಿಗೂದಲಿನ ಹೆಂಗಸು ತಿರುಗಿ ಏನೋ ಅಂದರಂತೆ. ಭಾಷೆ ಯಾರಿಗೂ ತಿಳಿಯಲಿಲ್ಲ, ಆದರೆ ಅವನು ಸೆರಗು ಬಿಟ್ಟ. ಜರಡಿಯ ಶೆಡ್ಡಿನ ಹಿಂದೆ ತಗಡಿನ ಮನೆ, ಬಾಗಿಲ ಮೇಲೆ ಆರೈಕೆ ಮನೆ ಎಂದು ಬೋರ್ಡು. ಒಳಗೆ ಮೂವತ್ತೊಂದು ಮಂಚ. ಮಣ್ಣು ಕುಸಿದು ಬೆನ್ನು ಮುರಿದವರು, ಓಡಲು ಹೋಗಿ ಕಾಲಿಗೆ ಏಟು ತಿಂದವರು, ಹೊಡೆತಕ್ಕೆ ಕೈ ಕಳೆದುಕೊಂಡವರು. ಅವರ ಹರಳು ಗಡಿ ದಾಟುವವರೆಗೆ ಗಂಜಿ, ಸೂಜಿ. ದಾಟಿದ ಮೇಲೆ ಏನು ಎಂದು ಅಲ್ಲಿದ್ದವರು ಹೇಳಲಿಲ್ಲ, ಹುಲಿಗೆಮ್ಮ ಕೇಳಲೂ ಇಲ್ಲ. ಯಂಕೋಬ ಮೂರನೇ ಮಂಚದ ಮೇಲಿದ್ದ. ಎಡಗಾಲು ಮೊಣಕಾಲಿನ ಕೆಳಗೆ ಕಪ್ಪಾಗಿತ್ತು. ಹೆಂಡತಿಯನ್ನು ನೋಡಿ, "ಖಾನಾವಳಿ ಬಿಟ್ಟು ಯಾಕ ಬಂದಿ?" ಎಂದನಂತೆ.

ಮೂರು ಗಂಟೆಗೆ ಹತ್ತು ನಿಮಿಷ ಕಡಿಮೆ ಇದ್ದಾಗ ಮುಖ್ಯಸ್ಥೆ ನನ್ನ ಮೇಜಿಗೆ ಬಂದರು. ಪ್ಯಾಂಟಿನ ಅಂಚಿಗೆ ಕೆಂಪು ಮಣ್ಣು ಹತ್ತಿತ್ತು. ದುಭಾಷಿ ಹೇಳಿದ: "ನಾನ್ನೂರ ಹನ್ನೆರಡು ಬದುಕಿದ್ದಾನೆ. ಹಾಗಾದರೆ ಈ ತಣ್ಣನೆಯ ಹರಳು ಯಾರದು?"

"ನಮ್ಮಪ್ಪಂದು," ಎಂದೆ.

ವಾದಿರಾಜರು ಕುರ್ಚಿ ಹುಡುಕಿ ಕುಳಿತರು. ಮುಖ್ಯಸ್ಥೆ ಹರಳನ್ನು ತೂಗಿ ನೋಡಿದರು, ಪೊಟ್ಟಣದ ಮೇಲಿನ ಅಂಕಿ ನೋಡಿದರು. ಅವನದು ಎಲ್ಲಿದೆ ಎಂದು ಕೇಳಿಸಿದರು. ನಾನು ಪರಾತ ತೋರಿಸಿದೆ. ಅವರೇ ಮರಳು ಕೆದಕಿ ಅದನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡರು. ಮಷೀನಿಗೆ ಇಡಲಿಲ್ಲ. ಸ್ವಲ್ಪ ತಡೆದು, ನಾನು ಹೇಗೆ ನೋಡುತ್ತಿದ್ದೆನೋ ಹಾಗೆಯೇ ಕೆಳತುಟಿಗೆ ತಾಗಿಸಿದರು. ಎಷ್ಟೋ ಹೊತ್ತು ತೆಗೆಯಲಿಲ್ಲ. ಆಮೇಲೆ ಫಾರಮ್ಮನ್ನು ಎಳೆದುಕೊಂಡು ಪೆನ್ನು ಹಿಡಿದರು. ಪೆನ್ನು ಎರಡು ಕಾಲಮ್ಮುಗಳ ನಡುವಿನ ಗೆರೆಯ ಮೇಲೆ ನಿಂತಿತು. ಕೊನೆಗೆ ಬಿಸಿ ಎಂಬ ಕಡೆ ಟಿಕ್ ಹಾಕಿ ಸಹಿ ಮಾಡಿದರು.

ಸಮಿತಿಯ ವರದಿ ಇಪ್ಪತ್ತಾರು ಪುಟ. ಕೋರ್ಟಿನಲ್ಲಿ ನನಗೆ ಪ್ರತಿ ಕೊಟ್ಟರು. ಹನ್ನೆರಡನೇ ಪುಟದಲ್ಲಿ, ಆರೈಕೆ ಮನೆಯಲ್ಲಿದ್ದ ಮೂವತ್ತೊಂದು ಜನರೂ ಜೀವಂತವಾಗಿದ್ದು ನಾಲ್ಕನೇ ನಿಯಮದ ಉಲ್ಲಂಘನೆ ಕಂಡುಬಂದಿಲ್ಲ ಎಂದಿದೆ. ಅವರ ಸ್ಥಿತಿ ಕಳವಳಕಾರಿ ಎಂಬ ವಾಕ್ಯ ಅಡಿಟಿಪ್ಪಣಿಯಲ್ಲಿದೆ, ಅದಕ್ಕೆ ಮುಖ್ಯಸ್ಥೆಯೊಬ್ಬರದೇ ಸಹಿ. ದಿನಾಂಕದ ವ್ಯತ್ಯಾಸವನ್ನು ಬರವಣಿಗೆಯ ತಪ್ಪು ಎಂದು ಕಂಪನಿ ವಿವರಿಸಿತು, ಅದನ್ನು ಒಪ್ಪಲಾಯಿತು. ಮಾಲು ಎಂಟು ದಿನದ ನಂತರ ಗಡಿ ದಾಟಿತು. ಹರಳು ಬದಲಿಸಿದ್ದಕ್ಕೆ, ತಣ್ಣನೆಯ ಹರಳು ಇಟ್ಟುಕೊಂಡಿದ್ದಕ್ಕೆ ನನಗೆ ಹದಿನಾಲ್ಕು ತಿಂಗಳ ಸಜೆಯಾಯಿತು. ಅಪ್ಪನ ಹರಳನ್ನು ನಿಯಮದಂತೆ ಕಬ್ಬಿಣದ ಒರಳಿನಲ್ಲಿ ಕುಟ್ಟಿ ಪುಡಿ ಮಾಡಿದರು. ವಾದಿರಾಜರು ಸಾಕ್ಷಿಯಾಗಿ ನಿಂತಿದ್ದರು. "ಒಂದ ಏಟಿಗೆ ಆತ್ರಿ," ಎಂದು ಜೈಲಿಗೆ ಬಂದು ಹೇಳಿ ಹೋದರು. ಅಷ್ಟು ಹೇಳಲು ಬಂದಿದ್ದು ಅವರ ದೊಡ್ಡತನ.

ಹುಲಿಗೆಮ್ಮ ಅಂದೇ ಗಂಡನನ್ನು ಬಂಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದಳು. ಕಾಲು ತೆಗೆದರು. ಅವಳು ಖಾನಾವಳಿಯಲ್ಲಿ ಸುದ್ದಿ ಹೇಳಿದ್ದರಿಂದ ಆ ಶನಿವಾರ, ಭಾನುವಾರ ಹನ್ನೊಂದು ಮನೆಗಳವರು ಹೋಗಿ, ಜಗಳವಾಡಿ, ತಮ್ಮವರನ್ನು ಎತ್ತಿಕೊಂಡು ಬಂದರು. ಸೋಮವಾರ ಸಮಿತಿ ಊರು ಬಿಟ್ಟಿತು, ಬಾಗಿಲು ಮತ್ತೆ ಮುಚ್ಚಿತು. ಉಳಿದ ಹತ್ತೊಂಬತ್ತು ಜನರ ವಿಷಯ ನನಗೆ ತಿಳಿದಿಲ್ಲ. ನನ್ನ ಜಾಗಕ್ಕೆ ಮಷೀನು ಬಂದಿದೆಯಂತೆ.

ಜೈಲಿನಲ್ಲಿ ಗುರುವಾರ ಭೇಟಿಯ ದಿನ, ಕಾಲು ಗಂಟೆ. ಮೊದಲ ಗುರುವಾರವೇ ಹುಲಿಗೆಮ್ಮ ಬಂದಳು. ಅಭ್ಯಾಸಬಲದಿಂದ ಚೀಲ ಬಿಚ್ಚಿ ಜಾಲರಿಯ ಸಂದಿಯಲ್ಲಿ ಹರಳು ಚಾಚಿದಳು.

"ನೋಡ್ರಿ ಯಕ್ಕಾ. ಹೆಂಗೈತಿ?"

ನಾನು ತುಟಿಯನ್ನು ಜಾಲರಿಗೆ ತಾಗಿಸಿದೆ. ಹದವಾದ ಬಿಸಿ, ಮಲಗಿ ಎದ್ದವರ ಅಂಗೈಯಂಥದು. ಬಿಸಿ ಐತಿ ಎಂಬ ಮಾತು ಬಾಯಿಗೆ ಬಂದಿತ್ತು. ನುಂಗಿಕೊಂಡೆ.

"ನೀನ ಹೇಳು," ಎಂದೆ. "ಹೆಂಗದಾನ?"

ಅವಳು ನನ್ನ ಮುಖ ನೋಡಿದಳು. ನಮ್ಮ ಊರಿನಲ್ಲಿ ಹಾಗೆ ಕೇಳುವವರಿಲ್ಲ. ಆಮೇಲೆ ಹೇಳಲು ಶುರುಮಾಡಿದಳು: ಇಲ್ಲದ ಕಾಲಿನ ಬೆರಳು ತುರಿಸುತ್ತದೆ ಎಂದು ಕೆರೆಯಲು ಹೇಳುತ್ತಾನೆ, ತಗಡು ಸದ್ದಾದರೆ ಬೆವರುತ್ತಾನೆ, ರೊಟ್ಟಿಗೆ ಉಪ್ಪು ಕಡಿಮೆ ಎಂದು ತಟ್ಟೆ ದೂಡಿದ, ನಿನ್ನೆ ಪಕ್ಕದ ಮಂಚದವನ ಹೆಸರು ಹಿಡಿದು ಒಂದು ತಾಸು ಅತ್ತ, ಆ ಹೆಸರು ಹನ್ನೊಂದು ಮನೆಗಳಲ್ಲಿ ಯಾರದೂ ಅಲ್ಲ. ಕಾವಲಿನವಳು ಬಂದು ಗಂಟೆ ಬಾರಿಸಿದಾಗ ಹುಲಿಗೆಮ್ಮ ಇನ್ನೂ ಹೇಳುತ್ತಲೇ ಇದ್ದಳು.